ಕೀ ಕೊಡೋರು ಯಾರು?

ದೊಡ್ಡಪ್ಪನ ತಿಥಿ ಮುಗಿದ ಮಾರನೇ ದಿನ. ನೆಂಟರೆಲ್ಲ ಹೊರಟು ಹೋಗಿ ತಿಪಟೂರಿನ ಆ ಮನೆಯ ಹಜಾರದಲ್ಲಿ ನಾನು ಮತ್ತು ದೊಡ್ಡಮ್ಮ ಇಬ್ಬರೇ ಕೂತಿದ್ವಿ. ಅವರ ಕೊನೆಯ ವಾರ ಹೇಗಿತ್ತು, ಏನು ಕೇಳಿದರು, ಏನು ತಿಂದರು ಅಂತ ದೊಡ್ಡಮ್ಮ ನಿಧಾನಕ್ಕೆ ಹೇಳ್ತಾ ಇದ್ದರು. ಅಷ್ಟರಲ್ಲಿ ನನ್ನ ಮಣಿಕಟ್ಟು ಗುರ್ರ್ ಅಂತು. ಅಭ್ಯಾಸಬಲ ನೋಡಿ, ಕೈ ತಾನಾಗೇ ತಿರುಗಿತು, ಕಣ್ಣು ತಾನಾಗೇ ಕೆಳಗೆ ಹೋಯಿತು. ಪರದೆ ಮೇಲೆ ಬಂದಿದ್ದು ಇಷ್ಟು: ತುಂಬಾ ಹೊತ್ತಿಂದ ಕೂತಿದ್ದೀರಿ, ಎದ್ದು ಓಡಾಡಿ.

ದೊಡ್ಡಮ್ಮ ಮಾತು ನಿಲ್ಲಿಸಿದರು. "ಹೊತ್ತಾಯ್ತೇನಪ್ಪಾ? ಬಸ್ಸಿಗೆ ಲೇಟಾಗುತ್ತೆ ಅಂದ್ರೆ ಹೊರಡು."

"ಅಯ್ಯೋ, ಟೈಮ್ ನೋಡಿದ್ದಲ್ಲ ದೊಡ್ಡಮ್ಮ. ಎದ್ದೇಳು ಅಂತ ಹೇಳ್ತು."

"ಯಾರು?"

"ವಾಚು."

ಅವರು ಒಮ್ಮೆ ನನ್ನ ವಾಚನ್ನ, ಒಮ್ಮೆ ನನ್ನ ಮುಖವನ್ನ ನೋಡಿದರು. "ಈ ಮನೇಲಿ ಎದ್ದೇಳು, ಕೂತ್ಕೋ ಅಂತ ಹೇಳೋಕೆ ಒಬ್ಬರೇ ಮೇಷ್ಟ್ರು ಇದ್ರು. ಈಗ ನೀನೊಬ್ಬ ಮೇಷ್ಟ್ರನ್ನ ಕೈಗೆ ಕಟ್ಕೊಂಡು ಬಂದಿದೀಯಾ" ಅಂದರು. ದೊಡ್ಡಪ್ಪ ಮೂವತ್ತು ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವರು.

ಆಮೇಲೆ ಅವರು ಮತ್ತೆ ಮಾತು ಮುಂದುವರಿಸಲಿಲ್ಲ. ಬಸ್ಸಲ್ಲಿ ವಾಪಸ್ ಬರುವಾಗ ನನ್ನ ತಲೆಯಲ್ಲಿ ಅದೇ ಕೊರೀತಾ ಇತ್ತು. ಗಂಟೆ ಎಷ್ಟು ಅಂತ ಕೇಳಿದರೆ ಮಾತ್ರ ಹೇಳುತ್ತಿದ್ದ ಒಂದು ಬಡಪಾಯಿ ವಸ್ತು, ಕೇಳದೇ ಇದ್ದರೂ ಬುದ್ಧಿ ಹೇಳೋ ಮಟ್ಟಕ್ಕೆ ಬಡ್ತಿ ಪಡೆದಿದ್ದು ಯಾವಾಗ?

ಸ್ವಲ್ಪ ಹಿಂದಿನಿಂದಲೇ ಶುರು ಮಾಡೋಣ. ನಮ್ಮ ಹಿರಿಯರ ಹತ್ತಿರ ಹೊತ್ತು ಇತ್ತು, ಟೈಮು ಇರಲಿಲ್ಲ. ದಿನಕ್ಕೆ 60 ಗಳಿಗೆ, ಒಂದು ಗಳಿಗೆ ಅಂದರೆ 24 ನಿಮಿಷ. ಅದಕ್ಕಿಂತ ಸಣ್ಣ ಲೆಕ್ಕ ಬೇಕಿದ್ದರೆ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ದನ ಮನೆಗೆ ಬಂದರೆ ಗೋಧೂಳಿ, ಕೋಳಿ ಕೂಗಿದರೆ ಬೆಳಗು. ಆದರೆ ರೈಲಿಗೆ ದನವೂ ಗೊತ್ತಿಲ್ಲ, ಧೂಳೂ ಗೊತ್ತಿಲ್ಲ. ಊರಿಗೊಂದು ಮಧ್ಯಾಹ್ನ ಇದ್ದರೆ ವೇಳಾಪಟ್ಟಿ ಹಾಕೋದು ಹೇಗೆ? ಕೊನೆಗೆ 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಗಂಟೆ ಅಂತ ಬ್ರಿಟಿಷ್ ಸರ್ಕಾರ ಜಾರಿ ಮಾಡಿತು. ಎಲ್ಲರೂ ತಕ್ಷಣ ಒಪ್ಪಲಿಲ್ಲ. ಕಲ್ಕತ್ತಾ 1948ರವರೆಗೆ, ಬಾಂಬೆ 1955ರವರೆಗೆ ತಮ್ಮದೇ ಟೈಮು ಇಟ್ಟುಕೊಂಡಿದ್ದವು. ಬಾಂಬೆ ಟೈಮು ಭಾರತದ ಟೈಮಿಗಿಂತ 39 ನಿಮಿಷ ಹಿಂದೆ. ಬೆಂಗಳೂರಿನವರು ಸಿಲ್ಕ್ ಬೋರ್ಡ್ ಪುಣ್ಯದಿಂದ ಇವತ್ತಿಗೂ ಆ ಟೈಮನ್ನೇ ಪಾಲಿಸ್ತಾ ಇದ್ದೀವಿ. ಹಳೇದೂ ಪೂರ್ತಿ ಹೋಗಿಲ್ಲ ಬಿಡಿ. ಲಗ್ನಪತ್ರಿಕೆಯಲ್ಲಿ ಈಗಲೂ ಗೋಧೂಳಿ ಲಗ್ನ ಅಂತ ಹಾಕಿ, ಪಕ್ಕದಲ್ಲೇ 6.20ರಿಂದ 6.45 ಅಂತ ಅಚ್ಚು ಹಾಕಿಸ್ತೀವಿ. ದನ ಲೇಟಾಗಿ ಬಂದರೂ ಫೋಟೋಗ್ರಾಫರ್ ಸರಿಯಾದ ಟೈಮಿಗೆ ಬರಬೇಕಲ್ಲ.

ಗಂಟೆ ಒಂದಾಯಿತು. ಅದನ್ನ ಕೈಗೆ ಕಟ್ಟಿಕೊಳ್ಳೋದು ಮಾತ್ರ ಇನ್ನೂ ಗಂಡಸರಿಗೆ ಮರ್ಯಾದೆಯಾಗಿರಲಿಲ್ಲ. ನಿಮ್ಮ ಮುತ್ತಜ್ಜನ ಕಾಲದ ಫೋಟೋಗಳನ್ನ ನೋಡಿ: ಕೋಟು, ಪೇಟ, ಜೇಬಿನಿಂದ ಇಳಿಬಿದ್ದ ಚೈನು. ಗಡಿಯಾರ ಇರಬೇಕಾದ ಜಾಗ ಜೇಬು. ಕೈಗೆ ಕಟ್ಟೋದು ಯುರೋಪಿನಲ್ಲೂ ಹೆಂಗಸರ ಆಭರಣ, ಬಳೆಯ ತಮ್ಮ. 1914ರ ಮಹಾಯುದ್ಧ ಬಂದು ಇದನ್ನ ಬದಲಾಯಿಸಿತು. ಒಂದು ಕೈಯಲ್ಲಿ ಬಂದೂಕು ಹಿಡಿದು ಕಂದಕದಲ್ಲಿ ಕೂತ ಸಿಪಾಯಿ ಜೇಬು ತಡಕಿ ಮುಚ್ಚಳ ತೆಗೆದು ಟೈಮ್ ನೋಡೋ ಹೊತ್ತಿಗೆ ಅವನ ಟೈಮೇ ಮುಗಿದಿರುತ್ತಿತ್ತು. ಯುದ್ಧದಿಂದ ಬದುಕಿ ಬಂದವರು ಕೈಯಲ್ಲಿ ವಾಚು ಕಟ್ಟಿಕೊಂಡೇ ಬಂದರು. ಅದನ್ನ ಹೆಂಗಸರ ಆಭರಣ ಅಂತ ಅವರೆದುರು ಹೇಳೋ ಧೈರ್ಯ ಯಾರಿಗಿತ್ತು? ಫ್ಯಾಷನ್ನು ಅನ್ನೋದು ಹೀಗೆಯೇ. ಮೊದಲು ನಗುತ್ತೆ, ಆಮೇಲೆ ಕೊಂಡ್ಕೊಳ್ಳುತ್ತೆ.

ನಮ್ಮಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಬಹಳ ದಿನ ವಾಚು ಅಂದರೆ ಫಾರಿನ್ನು. ಯಾರೋ ಹಡಗಲ್ಲಿ ಹೋಗಿ ಬಂದವರು ತಂದುಕೊಡಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಶುರುವಾಗಿದ್ದು ಯಂತ್ರ ತಯಾರಿಸೋ ಯಂತ್ರಗಳಿಗಾಗಿ. ಅದೇ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಮಾಡೋಕೆ ನಿಂತಿತು. ಮೊದಲ ಕಂತಿನ ವಾಚುಗಳನ್ನ ಬಿಡುಗಡೆ ಮಾಡಿದ್ದು ನೆಹರೂ. ಜಾಲಹಳ್ಳಿಯ ಕಡೆ ಕಾರ್ಖಾನೆ, ಕಾರ್ಖಾನೆಯ ಸುತ್ತ ಒಂದು ಊರು. ಆಮೇಲೆ ತುಮಕೂರಿನಲ್ಲೂ ಒಂದು ಕಾರ್ಖಾನೆ ಬಂತು. ವಾಚುಗಳ ಹೆಸರು ಕೇಳಿ: ಜನತಾ, ಸೋನಾ, ಪೈಲಟ್, ಕೊಹಿನೂರ್, ತರುಣ್, ಕಾಂಚನ್. ಈಗಿನ ವಾಚುಗಳಿಗೆ ಇರೋದು ಬರೀ ನಂಬರ್ರು, ಮುಂದೆ ಒಂದು ಪ್ರೊ. ಲಾಲ್‌ಬಾಗಿನ ಹೂವಿನ ಗಡಿಯಾರದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಲ್ಲ, ಅದೂ ಎಚ್‌ಎಂಟಿಯದ್ದೇ.

ದೊಡ್ಡಪ್ಪನಿಗೆ ಜನತಾ ಸಿಕ್ಕಿದ್ದು 1974ರಲ್ಲಿ, ಮದುವೆಯಲ್ಲಿ, ಮಾವನ ಮನೆಯಿಂದ. ಆ ಕಾಲದಲ್ಲಿ ಅಳಿಯನಿಗೆ ವಾಚು ಕೊಡೋದು ಅಂದರೆ ಈಗ ಕಾರು ಕೊಟ್ಟ ಹಾಗೆ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೂ ವಾಚೇ ಬಹುಮಾನ. ಒಂದು ವಾಚು, ಒಂದು ಜನ್ಮ. ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿರುತ್ತಿತ್ತು. ಒಳಗಿನ ಚಕ್ರಗಳು ಸವೆಯದ ಹಾಗೆ ಕೂರಿಸಿದ ಪುಟ್ಟ ಪುಟ್ಟ ಮಾಣಿಕ್ಯಗಳು, ಕಾರ್ಖಾನೆಯಲ್ಲೇ ತಯಾರಾದವು. ದೊಡ್ಡಪ್ಪ ಇದನ್ನ ಹೆಮ್ಮೆಯಿಂದ ಹೇಳಿಕೊಂಡಾಗೆಲ್ಲ ದೊಡ್ಡಮ್ಮನ ಉತ್ತರ ಒಂದೇ: "ಕೊಡೋ ನಮ್ಮಪ್ಪ ಅಳಿಯಂಗೆ ಹದಿನೇಳು ಕಲ್ಲು ಕೊಟ್ಟು, ಮಗಳ ಬೆಂಡೋಲೆಗೆ ಏಳೇ ಕಲ್ಲು ಹಾಕಿಸಿದ."

ಆ ವಾಚಿಗೆ ದಿನಾ ಬೆಳಗ್ಗೆ ಕೀ ಕೊಡಬೇಕಿತ್ತು. ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಬರೋ ಪೀಂ ಪೀಂ ಸದ್ದಿಗೆ ಮುಳ್ಳು ಸರಿ ಮಾಡಿ, ತಿರುಪನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ತಿರುಗಿಸೋದು. ಸ್ಪ್ರಿಂಗು ಬಿಗಿಯಾಯಿತು ಅಂತ ಬೆರಳಿಗೆ ಗೊತ್ತಾದಾಗ ನಿಲ್ಲಿಸೋದು. ಅಷ್ಟೇ ಅವರಿಬ್ಬರ ಒಪ್ಪಂದ. ನೀನು ನನಗೆ ಕೀ ಕೊಡು, ನಾನು ನಿನಗೆ ಗಂಟೆ ಹೇಳ್ತೀನಿ. ಆ ಗಂಟೆ ಇಟ್ಟುಕೊಂಡು ಏನು ಮಾಡಬೇಕು ಅನ್ನೋದು ನಿನ್ನ ಪಾಡು.

ಈ ಒಪ್ಪಂದ ಮುರಿದಿದ್ದು ಕ್ವಾರ್ಟ್ಜ್. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನ ಮಾರುಕಟ್ಟೆಗೆ ತಂದಿತು. ಇವತ್ತಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಬ್ಯಾಟರಿ ಇದ್ದರೆ ಸಾಕು, ಕೀ ಬೇಡ. ನಮ್ಮಲ್ಲಿ 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಟೈಟನ್ ಶುರು ಮಾಡಿದರು, ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ. ಜಾಹೀರಾತಿಗೆ ಮೊಜಾರ್ಟ್‌ನ ಸಂಗೀತ, ಅಂಗಡಿಗೆ ಗಾಜಿನ ಬಾಗಿಲು, ಏಸಿ. ವಾಚು ಆಗ ಅಳಿಯನ ಆಸ್ತಿಯಿಂದ ಡ್ರೆಸ್ಸಿನ ಜೊತೆಗಾರನಾಗಿ ಬದಲಾಯಿತು. ಆಫೀಸಿಗೆ ಒಂದು, ಮದುವೆಗೆ ಒಂದು, ಗೋಲ್ಡ್ ಪ್ಲೇಟಿನದು ಒಂದು. ಒಂದು ಜನ್ಮಕ್ಕೆ ಒಂದೇ ವಾಚು ಅಂತಿದ್ದ ಜನ ಒಂದು ಬೀರುವಿನಲ್ಲಿ ನಾಲ್ಕು ವಾಚು ಇಟ್ಟು, ನಾಲ್ಕರಲ್ಲೂ ಬ್ಯಾಟರಿ ಸತ್ತಿರೋದನ್ನ ಮದುವೆಯ ದಿನ ಬೆಳಗ್ಗೆ ಕಂಡುಹಿಡಿಯುವಂಥವರಾದರು.

ಆಮೇಲೆ ಮೊಬೈಲು ಬಂತು. ಗಡಿಯಾರ ಮತ್ತೆ ಜೇಬಿಗೇ ವಾಪಸ್ ಹೋಯಿತು, ಚೈನು ಮಾತ್ರ ಇಲ್ಲ. ನನ್ನ ತಲೆಮಾರಿನ ಅರ್ಧ ಜನರ ಕೈ ಬರಿದಾಯಿತು. ನಷ್ಟದಲ್ಲೇ ನಡೀತಿದ್ದ ಎಚ್‌ಎಂಟಿಯ ವಾಚ್ ಕಂಪನಿಯನ್ನ ಮುಚ್ಚೋಕೆ 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆಗ ನಾವೆಲ್ಲ ಏನು ಮಾಡಿದ್ವಿ? ಅಯ್ಯೋ ಪಾಪ ಅಂತ ಪೋಸ್ಟ್ ಹಾಕಿ, ಹಳೇ ವಾಚು ಆನ್‌ಲೈನಲ್ಲಿ ಎಷ್ಟಕ್ಕೆ ಸಿಗುತ್ತೆ ಅಂತ ಹುಡುಕಿದ್ವಿ. ಕಾರ್ಖಾನೆ ಇದ್ದಾಗ ಬೇಡವಾಗಿದ್ದು ಮುಚ್ಚಿದ ಮೇಲೆ ವಿಂಟೇಜ್ ಆಗುತ್ತೆ. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಮ್ಯೂಸಿಯಂ ಇದೆ. ಊರಿಗೆ ಕೆಲಸ ಕೊಟ್ಟ ಸಂಸ್ಥೆಯ ಕಥೆ ಟಿಕೆಟ್ ತಗೊಂಡು ನೋಡೋ ವಸ್ತುವಾಯಿತು.

ಬರಿದಾದ ಮಣಿಕಟ್ಟು ಒಳ್ಳೇ ಸೈಟು ಇದ್ದ ಹಾಗೆ, ಬಹಳ ದಿನ ಖಾಲಿ ಬಿಡಲ್ಲ. ಅಲ್ಲಿಗೆ ಬಂದಿದ್ದೇ ಈ ಸ್ಮಾರ್ಟ್ ಮೇಷ್ಟ್ರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನೋದು ಇವರ ಮೊದಲ ಪಾಠ. ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? 1965ರಲ್ಲಿ, ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸೋ ಹೆಜ್ಜೆ ಎಣಿಸೋ ಯಂತ್ರವೊಂದನ್ನ ಮಾರಾಟಕ್ಕೆ ಬಿಟ್ಟಿತು. ಹೆಸರು ಮಾನ್‌ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೇಳೋಕೆ ಚೆಂದ, ನೆನಪಿಡೋಕೆ ಸುಲಭ. ಅಂದರೆ ಇದು ಹುಟ್ಟಿದ್ದು ಡಾಕ್ಟರ ಚೀಟಿಯಲ್ಲಿ ಅಲ್ಲ, ಡಬ್ಬಿಯ ಮೇಲಿನ ಹೆಸರಿನಲ್ಲಿ. 2019ರಲ್ಲಿ ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ ನೋಡಿದಾಗ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಚೆನ್ನಾಗಿ ಇಳಿದಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ದೊಡ್ಡಮ್ಮ ಒಲೆ, ಹಿತ್ತಲು, ದೇವರಮನೆ ಅಂತ ಓಡಾಡೋದರಲ್ಲೇ ಅಷ್ಟು ಹೆಜ್ಜೆ ಆಗಿಹೋಗುತ್ತೆ. ಅವರಿಗೆ ಬ್ಯಾಡ್ಜ್ ಕೊಡೋರು ಯಾರೂ ಇಲ್ಲ.

ನಾವು? ನನ್ನ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ 11.40ಕ್ಕೆ ಟೆರೇಸ್ ಮೇಲೆ ದೆವ್ವದ ಹಾಗೆ ಸುತ್ತೋರಿದ್ದಾರೆ, ಇನ್ನು 600 ಹೆಜ್ಜೆ ಬಾಕಿ ಅಂತ. ಗೆಳೆಯನೊಬ್ಬ ಸಂಜೆ ವಾಚನ್ನ ಮಗನ ಕೈಗೆ ಕಟ್ಟಿ ಆಡೋಕೆ ಕಳಿಸ್ತಾನೆ. ಆಫೀಸಿನ ಫಿಟ್ನೆಸ್ ಚಾಲೆಂಜಲ್ಲಿ ಅವನೇ ಫಸ್ಟು. ನಾನೇನೂ ಕಮ್ಮಿಯಿಲ್ಲ. ಒಳ್ಳೇ ನಿದ್ದೆ ಮಾಡಿ ಎದ್ದು, ವಾಚು ನೋಡಿ, ಸ್ಲೀಪ್ ಸ್ಕೋರ್ 58 ಅಂತ ಗೊತ್ತಾದ ತಕ್ಷಣ ಸುಸ್ತಾಗಿ ಮತ್ತೆ ಮಲಗಿದ್ದೂ ಉಂಟು. ನ್ಯಾಯವಾಗಿ ಹೇಳಬೇಕು ಅಂದರೆ ಈ ವಾಚುಗಳು ಎದೆಬಡಿತದ ಏರುಪೇರು ಹೇಳ್ತವೆ, ಬಿದ್ದರೆ ಮನೆಯವರಿಗೆ ಸುದ್ದಿ ಮುಟ್ಟಿಸ್ತವೆ. ಕೆಲಸಕ್ಕೆ ಬಾರದ ವಸ್ತು ಅಂತ ನಾನು ಅನ್ನಲ್ಲ.

ಆದರೆ ಹಳೇ ಒಪ್ಪಂದ ತಲೆಕೆಳಗಾಗಿದೆ. ಕನ್ನಡದಲ್ಲಿ ಕೀ ಕೊಡೋದು ಅನ್ನೋದಕ್ಕೆ ಇನ್ನೊಂದು ಅರ್ಥ ಇದೆ, ನಿಮಗೆ ಗೊತ್ತು. ಪಕ್ಕದಲ್ಲಿ ನಿಂತು ಕಿವಿಯಲ್ಲಿ ಊದಿ ಕುಣಿಸೋದು. ದೊಡ್ಡಪ್ಪ ವಾಚಿಗೆ ಕೀ ಕೊಡ್ತಿದ್ದರು. ನನ್ನ ವಾಚು ನನಗೆ ಕೀ ಕೊಡುತ್ತೆ. ಏಳು, ನಡಿ, ಉಸಿರಾಡು. ಅದಕ್ಕೆ ನನ್ನ ಎದೆಬಡಿತ ಗೊತ್ತು. ಪಕ್ಕದಲ್ಲಿ ಒಬ್ಬರು ಗಂಡನ ಕೊನೆಯ ದಿನಗಳ ಬಗ್ಗೆ ಮಾತಾಡ್ತಿದ್ದಾರೆ ಅನ್ನೋದು ಗೊತ್ತಿಲ್ಲ. ಅದಕ್ಕೆ ಗೊತ್ತಿಲ್ಲದಿದ್ದರೆ ತಪ್ಪಿಲ್ಲ. ನನಗೆ ಗೊತ್ತಿದ್ದೂ ಕೈ ತಿರುಗಿಸಿದೆನಲ್ಲ, ಅದು ತಪ್ಪು.

ಮೂರು ತಿಂಗಳ ಮೇಲೆ ಮತ್ತೆ ತಿಪಟೂರಿಗೆ ಹೋದೆ. ದೊಡ್ಡಮ್ಮ ಗೂಡಿನಿಂದ ಜನತಾ ತೆಗೆದು ಕೀ ಕೊಡ್ತಾ ಇದ್ದರು.

"ಯಾರೂ ಕಟ್ಟಲ್ವಲ್ಲ ದೊಡ್ಡಮ್ಮ, ದಿನಾ ಯಾಕೆ ಕೀ ಕೊಡ್ತೀರಾ?"

"ನಿಲ್ಲಿಸಿಬಿಟ್ರೆ ಎಣ್ಣೆ ಗಟ್ಟಿಯಾಗುತ್ತೆ ಅಂತಿದ್ರು ನಿಮ್ಮ ದೊಡ್ಡಪ್ಪ. ನಿಂದಕ್ಕೆ ಕೀ ಬೇಡ್ವಾ?"

"ಇಲ್ಲ. ದಿನಾ ಚಾರ್ಜ್‌ಗೆ ಹಾಕ್ಬೇಕು."

"ಹಂಗಾದ್ರೆ ಅದೇ ಆಯ್ತಲ್ಲಪ್ಪ" ಅಂದರು. ಆಮೇಲೆ ನನ್ನ ಬರಿಗೈ ನೋಡಿ, "ಎಲ್ಲಿ ನಿನ್ನ ಮೇಷ್ಟ್ರು?"

"ಬ್ಯಾಗಲ್ಲಿದ್ದಾರೆ."

"ಇರ್ಲಿ ಬಿಡು, ರೆಸ್ಟ್ ತಗೊಳ್ಳಲಿ. ಕಾಫಿ ಮಾಡ್ತೀನಿ, ನೀನು ಕೂತ್ಕೋ."

ಅವತ್ತು ನಿಂತು ಹೋಗಿದ್ದ ಮಾತನ್ನ ಅವರು ಅಲ್ಲಿಂದಲೇ ಮುಂದುವರಿಸಿದರು. ಎಷ್ಟು ಹೊತ್ತು ಕೂತಿದ್ವೋ, ಲೆಕ್ಕ ಇಟ್ಟವರು ಯಾರೂ ಇರಲಿಲ್ಲ.