ವಿಕಥೆ, ವಾದ ಮತ್ತು ಸಭೆ: ಚರ್ಚಾವಿಷಯದ ಯೋಗ್ಯತೆಯನ್ನು ಕುರಿತು

ಯಾವುದನ್ನು ಮಾತನಾಡಬೇಕು, ಯಾವುದನ್ನು ಮಾತನಾಡಬಾರದು ಎಂಬ ಪ್ರಶ್ನೆಯನ್ನು ಜೈನ ಆಚಾರಗ್ರಂಥಗಳು ಬಹು ಹಿಂದೆಯೇ ಕೈಗೆತ್ತಿಕೊಂಡಿವೆ. ಕುಂದಕುಂದಾಚಾರ್ಯರ ‘ನಿಯಮಸಾರ’ವು ವಚನಗುಪ್ತಿಯನ್ನು ವಿವರಿಸುವಾಗ ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭಕ್ತಕಥೆ ಎಂಬ ನಾಲ್ಕನ್ನು ಮುನಿಯು ವರ್ಜಿಸಬೇಕೆಂದು ಹೇಳುತ್ತದೆ. ಇಲ್ಲಿ ‘ಭಕ್ತ’ ಎಂದರೆ ಅನ್ನ. ಭಕ್ತಕಥೆಯೆಂದರೆ ಊಟ-ತಿಂಡಿಯ ಮಾತು. ಇವೇ ನಾಲ್ಕು ವಿಕಥೆಗಳು. ಶ್ವೇತಾಂಬರ ಪರಂಪರೆಯ ಪಟ್ಟಿಯಲ್ಲಿ ಚೋರಕಥೆಯ ಬದಲು ದೇಶಕಥೆ ಬರುತ್ತದೆ. ಇಂದು ಯಾವ ಚಹಾದಂಗಡಿಯ ಮುಂದೆ ನಿಂತರೂ ಈ ಐದರ ಹೊರಗಿನ ಮಾತು ಕಿವಿಗೆ ಬೀಳುವುದು ಅಪರೂಪ!

ಈ ಪಟ್ಟಿಯನ್ನು ಅಕ್ಷರಶಃ ಹಿಡಿದು ಹೊರಟರೆ ನಮ್ಮ ಪ್ರಾಚೀನ ಸಾಹಿತ್ಯದ ಬಹುಭಾಗವನ್ನು ಕಪಾಟಿನಿಂದ ಇಳಿಸಬೇಕಾದೀತು. ಪಂಪನ ‘ವಿಕ್ರಮಾರ್ಜುನವಿಜಯ’ ಆದ್ಯಂತ ರಾಜಕಥೆ. ನೇಮಿಚಂದ್ರನ ‘ಲೀಲಾವತಿ’ ಶೃಂಗಾರಪ್ರಧಾನವಾದ ಚಂಪೂ. ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಹೆಸರಿನಲ್ಲಿ ಅಡುಗೆಯ ವಿಧಾನಗಳನ್ನೇ ಷಟ್ಪದಿಗೆ ತಂದನು. ಚೋರಕಥೆಯ ಮಾತಂತೂ ಇನ್ನೂ ಸ್ವಾರಸ್ಯದ್ದು: ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಮುನಿಗೆ ನಿಷಿದ್ಧವಾದ ನಾಲ್ಕು ವಿಷಯಗಳನ್ನೂ ಜೈನ ಕವಿಗಳೇ ಬರೆದರು, ಅವುಗಳನ್ನು ಜೈನ ಸಮಾಜವೇ ಉಳಿಸಿಕೊಂಡು ಬಂದಿತು. ಆಚಾರ್ಯರ ಮಾತನ್ನು ಕವಿಗಳು ಮೀರಿದರೇ? ಹಾಗೆನ್ನಲಾಗದು. ನಿಷೇಧವು ವಿಷಯಕ್ಕೆ ಹೇಳಿದ್ದಲ್ಲ. ಆಡುವವನ ವ್ರತಕ್ಕೂ ಆ ಮಾತು ಹುಟ್ಟಿಸುವ ಪರಿಣಾಮಕ್ಕೂ ಹೇಳಿದ್ದು. ಕಳ್ಳತನದ ರೋಚಕತೆಗಾಗಿ ಹೇಳಿದ್ದು ವಿಕಥೆ. ಕಳ್ಳನೊಬ್ಬನು ಮುನಿಯಾಗಿ ಉಪಸರ್ಗವನ್ನು ಸಹಿಸಿದುದನ್ನು ಹೇಳಿದ್ದು ಆರಾಧನೆ.

ಈ ವಿವೇಕದ ಅತ್ಯಂತ ಸೂಕ್ಷ್ಮ ನಿದರ್ಶನ ‘ಭಗವತೀ ಆರಾಧನೆ’ಯಲ್ಲಿದೆ. ಅದು ಧರ್ಮಕಥೆಯನ್ನು ಆಕ್ಷೇಪಿಣೀ, ವಿಕ್ಷೇಪಿಣೀ, ಸಂವೇಜನೀ, ನಿರ್ವೇಜನೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ವಿಕ್ಷೇಪಿಣಿಯೆಂದರೆ ಪರಮತವನ್ನು ಮೊದಲು ಪೂರ್ಣವಾಗಿ ನಿರೂಪಿಸಿ, ಅನಂತರ ಅದನ್ನು ಪರೀಕ್ಷಿಸಿ ನಿರಾಕರಿಸುವ ಕಥನಕ್ರಮ. ಇದು ಧರ್ಮಕಥೆಯೇ, ದೋಷವೇನೂ ಇಲ್ಲ. ಆದರೆ ಸಲ್ಲೇಖನದಲ್ಲಿರುವ ಕ್ಷಪಕನ ಬಳಿ ಮಾತ್ರ ಇದನ್ನು ಹೇಳಬಾರದು. ಪರಪಕ್ಷದ ನಿರೂಪಣೆ ನಡೆದಿರುವಾಗಲೇ ಆತನ ಆಯುಷ್ಯ ಮುಗಿದರೆ ಉತ್ತರವನ್ನು ಕೇಳುವವರು ಯಾರು? ಒಂದೇ ವಿಷಯ ಪಂಡಿತರ ಸಭೆಯಲ್ಲಿ ಯೋಗ್ಯ, ಮರಣಶಯ್ಯೆಯ ಬಳಿ ಅಯೋಗ್ಯ. ಕೇಳುವವನ ಸ್ಥಿತಿಯನ್ನು ಇಷ್ಟು ಕರುಣೆಯಿಂದ ಲೆಕ್ಕಕ್ಕೆ ತೆಗೆದುಕೊಂಡ ವಾದಮೀಮಾಂಸೆಯನ್ನು ನಾನು ಬೇರೆಡೆ ಕಂಡಿಲ್ಲ. ಉಳಿದ ಸಭೆಗಳಲ್ಲಿ, ಎದುರಾಳಿಯ ಮಾತನ್ನು ಮೊದಲು ನ್ಯಾಯವಾಗಿ ಮಂಡಿಸದೆ ತನ್ನ ಮಾತನ್ನು ಆಡುವಂತಿಲ್ಲ ಎಂಬುದು ಇದರಿಂದಲೇ ಸಿದ್ಧಿಸುತ್ತದೆ.

ಈ ಸೂತ್ರವನ್ನು ಹಿಡಿದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲವನ್ನು ನೋಡಬಹುದು. ಸಭೆ ಮತ್ತು ಶಾಲೆಗಳ ಚರಿತ್ರೆ ಇಲ್ಲಿ ದೀರ್ಘವಾದುದು. ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನ ಶಕ 867ರದು, ಅಂದರೆ ಕ್ರಿ.ಶ. 945, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣನು ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ನೆಲೆಸಿದ್ದ ಆ ಶಾಲೆಯಿಂದಲೇ ‘ಪಾವಿಟ್ಟಗೆ’ಯು ಸಾಲೋಟಗಿಯಾಯಿತೆಂದು ವಿದ್ವಾಂಸರ ಮತ. ದೀಪದ ಖರ್ಚಿಗೆ ಪ್ರತ್ಯೇಕ ಭೂಮಿ ಇತ್ತು. ಮದುವೆಯಾದರೆ 5 ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಮತ್ತೂ ಅದರರ್ಧ ಎಂದು ಊರವರು ತಾವೇ ಶಾಲೆಗೆ ಕೊಡುಗೆಯನ್ನು ಗೊತ್ತುಪಡಿಸಿಕೊಂಡಿದ್ದರು. ರಾತ್ರಿ ಓದುವವನ ದೀಪಕ್ಕೆ ಊರ ಮದುವೆಮನೆಗಳೂ ಬಾಧ್ಯವಾಗಿದ್ದ ವ್ಯವಸ್ಥೆಯಿದು! ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ 12ನೆಯ ಶತಮಾನದ ಶಾಸನದಲ್ಲಿ ಕೌಮಾರವ್ಯಾಕರಣವನ್ನು ಕಲಿಸುವ ಉಪಾಧ್ಯಾಯರಿಗೆ ದತ್ತಿ ಬಿಟ್ಟ ಉಲ್ಲೇಖವಿದೆ. ‘ಕಾತಂತ್ರ’ವೆಂದೂ ಹೆಸರಾದ ಈ ವ್ಯಾಕರಣ ಜೈನರಲ್ಲಿ ವಿಶೇಷವಾಗಿ ಬಳಕೆಯಲ್ಲಿದ್ದುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಅದೇ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸುತ್ತ ಕಲ್ಯಾಣದಲ್ಲಿ ನೆರೆದ ಗೋಷ್ಠಿಯನ್ನು 15-16ನೆಯ ಶತಮಾನಗಳ ‘ಶೂನ್ಯಸಂಪಾದನೆ’ಗಳು ಸಂವಾದರೂಪದಲ್ಲಿ ಪುನಾರಚಿಸಿದವು. ಅಲ್ಲಿ ಅಕ್ಕಮಹಾದೇವಿಗೆ ಅಲ್ಲಮಪ್ರಭು ಕೇಳುವ ಪ್ರಶ್ನೆಗಳನ್ನು ಗಮನಿಸಿ. ನಿನ್ನ ಗಂಡ ಯಾರು, ಉಡುಗೆಯನ್ನು ತೊರೆದವಳಿಗೆ ಕೂದಲಿನ ಮರೆ ಏಕೆ ಎಂಬಂಥವು ಅವು. ಇಂದಿನ ಯಾವ ವಿಚಾರಸಂಕಿರಣದ ಅಧ್ಯಕ್ಷರೂ ಇವನ್ನು ಒಪ್ಪಲಾರರು. ಒಪ್ಪದಿರುವುದೇ ಸರಿ, ಏಕೆಂದರೆ ನಮ್ಮ ಸಂಕಿರಣಗಳಲ್ಲಿ ಪ್ರಶ್ನೆಗೊಳಗಾದವರಿಗೆ ಉತ್ತರಿಸುವಷ್ಟು ಅವಕಾಶ ದೊರೆಯುವುದಿಲ್ಲ. ಅಕ್ಕನಿಗೆ ಅದು ದೊರೆಯಿತು. ಅವಳ ಉತ್ತರವನ್ನು ಸಭೆ ಒಪ್ಪಿತು.

ಸಭೆಯ ಈ ಶಿಸ್ತು ವಿದ್ವಾಂಸರ ಸೊತ್ತಾಗಿಯೇ ಉಳಿಯಲಿಲ್ಲ. ಈ ಭಾಗದ ಜಾತ್ರೆಗಳಲ್ಲಿ ನಡೆಯುವ ಹರದೇಶಿ-ನಾಗೇಶಿ ಪದಗಳ ಮೇಳವನ್ನು ಮನರಂಜನೆಯೆಂದಷ್ಟೇ ಬಗೆಯುವುದು ತಪ್ಪು. ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ಹಾಡುತ್ತಾರೆ. ಶಿವ-ಶಕ್ತಿ ತತ್ತ್ವದಿಂದ ಹಿಡಿದು ಮನೆಯ ಒಲೆಯವರೆಗೆ ಸವಾಲು-ಜವಾಬು ನಡೆಯುತ್ತದೆ. ದಪ್ಪು, ತುಂತುಣಿ, ಹಿಮ್ಮೇಳದ ‘ಗೀಗೀ’ ಸೊಲ್ಲಿನ ನಡುವೆ ರಾತ್ರಿಯಿಡೀ ಸಾಗುವ ಈ ವಾದದ ವಿಷಯ ಎಲ್ಲರಿಗೂ ಮೊದಲೇ ತಿಳಿದದ್ದು. ಎದುರು ಮೇಳದ ಸವಾಲನ್ನು ಕೇಳದೆ ಜವಾಬು ಹಾಡುವಂತಿಲ್ಲ. ವಿಕ್ಷೇಪಿಣಿಯ ಲಕ್ಷಣವನ್ನು ತರಗತಿಯಲ್ಲಿ ವಿವರಿಸಬೇಕಾದಾಗ ನಾನು ಈ ಮೇಳವನ್ನೇ ಉದಾಹರಿಸುತ್ತೇನೆ.

ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯು ಲಾವಣಿಕಾರ ಖಾಜಾಭಾಯಿಯ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಳ್ಳುತ್ತಿದ್ದ ತವರು, ಗಂಡ, ಅತ್ತೆ, ಕೂಸುಗಳ ಮಾತು ಹಳೆಯ ಪಟ್ಟಿಯ ಪ್ರಕಾರ ಸ್ತ್ರೀಕಥೆ. ಅದನ್ನು ಸಾಹಿತ್ಯಚರ್ಚೆಗೆ ಯೋಗ್ಯವಾದ ವಿಷಯವೆಂದು ಸ್ಥಾಪಿಸಿದವರು ಈ ಹಳ್ಳಿಯ ತರುಣರು. ಹೊಸಗನ್ನಡದ ವಿಷಯವ್ಯಾಪ್ತಿಯನ್ನು ಇಷ್ಟು ನಿಸ್ಸಂಕೋಚವಾಗಿ ವಿಸ್ತರಿಸಿದ ಸಂಕಲನಗಳು ವಿರಳ.

ಇನ್ನು ಸಿಂದಗಿ ತಾಲ್ಲೂಕಿನ ಯರಗಲ್ಲ ಮೂಲದ ಎಂ. ಎಂ. ಕಲಬುರ್ಗಿಯವರ ವಿಚಾರ. ಇದನ್ನು ಬಿಟ್ಟು ಪ್ರಸ್ತುತ ವಿಷಯವನ್ನು ಮುಗಿಸುವುದು ಪ್ರಾಮಾಣಿಕತೆಯಾಗದು. ಅವರ ‘ಮಾರ್ಗ’ ಸಂಪುಟದ ಎರಡು ಲೇಖನಗಳು, ನೀಲಾಂಬಿಕೆಯನ್ನೂ ಚೆನ್ನಬಸವಣ್ಣನವರ ಜನನವನ್ನೂ ಕುರಿತವು, ತೀವ್ರ ವಿರೋಧಕ್ಕೆ ಗುರಿಯಾದವು. ನೀಲಾಂಬಿಕೆಯ ಲೇಖನಕ್ಕೆ ಆಧಾರ ಆಕೆಯ ವಚನಗಳೇ. ಆಕೆ ಐಕ್ಯಳಾದ ತಾಣವೆಂದು ಜನ ನಡೆದುಕೊಳ್ಳುವ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿದೆ. 1989ರಲ್ಲಿ ಕಲಬುರ್ಗಿಯವರು ತಮ್ಮ ನಿಲುವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಅವರು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೇ ಕರೆದರು.

ಆ ಲೇಖನಗಳ ನಿರ್ಣಯಗಳನ್ನು ಒಪ್ಪಲೇಬೇಕೆಂದು ನಾನು ವಾದಿಸುತ್ತಿಲ್ಲ. ವಚನವೊಂದರ ಪಾಠವನ್ನೂ ಅರ್ಥವನ್ನೂ ಬೇರೆ ಬಗೆಯಾಗಿ ನಿರ್ಧರಿಸಲು ಯಾರಿಗೂ ಅಡ್ಡಿಯಿರಲಿಲ್ಲ. ಭಕ್ತರ ನೋವೂ ಸುಳ್ಳಲ್ಲ. ಕ್ಷಪಕನ ಬಳಿ ಆಡಬಾರದ ಮಾತಿದ್ದಂತೆ ಗದ್ದುಗೆಯ ಮುಂದೆ ಆಡಬಾರದ ಮಾತೂ ಇರಬಹುದು. ಆದರೆ ಸಂಶೋಧನ ಗ್ರಂಥದ ಪುಟ ಗದ್ದುಗೆಯಲ್ಲ. ಅಲ್ಲಿ ಪ್ರಮಾಣಕ್ಕೆ ಪ್ರಮಾಣವನ್ನೇ ತರಬೇಕಾಗಿತ್ತು. ಹಾಗಾಗದೆ, ಆ ವಿಷಯವನ್ನು ಎತ್ತಿದ್ದೇ ಅಪರಾಧವೆಂದಾಯಿತು. ಅವರು ಮುಂದೆ 1993ರಲ್ಲಿ ಪ್ರಕಟವಾದ ಹದಿನೈದು ಸಮಗ್ರ ವಚನಸಂಪುಟಗಳ ಪ್ರಧಾನ ಸಂಪಾದಕರಾದರು; ಅವರ ಮೇಲೆ ಮುನಿದವರೂ ಇಂದು ವಚನವನ್ನು ಪರಾಂಬರಿಸಲು ಆ ಸಂಪುಟಗಳನ್ನೇ ತೆರೆಯಬೇಕು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆ ಪ್ರಕರಣದ ನಿರ್ಣಯ ನ್ಯಾಯಾಲಯದ್ದು.

ಆ ಬಳಿಕ ವಿಷಯದ ಆಯ್ಕೆಯಲ್ಲಿ ಒಂದು ಬಗೆಯ ಮುಂಜಾಗ್ರತೆ ಬೆಳೆದಿರುವುದನ್ನು ಅಧ್ಯಾಪಕನಾಗಿ ನಾನು ಕಾಣುತ್ತಿದ್ದೇನೆ. ‘ಒಂದು ಸಮಗ್ರ ಅಧ್ಯಯನ’ ಎಂಬ ಬಾಲವುಳ್ಳ ಶೀರ್ಷಿಕೆಗಳು ಹೆಚ್ಚುತ್ತಿವೆ. ಯಾರನ್ನೂ ನೋಯಿಸದ, ಯಾವ ಪ್ರಶ್ನೆಯನ್ನೂ ಕೇಳದ ಶೀರ್ಷಿಕೆಗಳವು. ನನ್ನಲ್ಲಿಗೆ ವಿಷಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ಮೂರನ್ನು ಬರೆದುಕೊಂಡು ಬರಲು ಹೇಳುತ್ತೇನೆ: ಆಧಾರ ಯಾವುದು, ಎದುರುಪಕ್ಷ ಏನೆನ್ನುತ್ತದೆ, ಯಾರ ಮುಂದೆ ಮಂಡಿಸುವೆ. ಹಲವರು ಎರಡನೆಯದರ ಬಳಿ ತಡವರಿಸುತ್ತಾರೆ. ಅಂಥವರನ್ನು ಜಾತ್ರೆಯ ಕಾಲದಲ್ಲಿ ಇಂಡಿ, ಸಿಂದಗಿಗಳ ಕಡೆಗೆ ಕಳುಹಿಸಬೇಕೆನಿಸುತ್ತದೆ. ನಾಗೇಶಿಯ ಹಾಡುಗಾರ್ತಿಯೊಬ್ಬಳು ಬೆಳಗಿನ ಜಾವದವರೆಗೆ ಹರದೇಶಿಯವರ ಯಾವ ಯಾವ ಸವಾಲಿಗೆ ಏನೇನು ಜವಾಬು ಕೊಟ್ಟಳೆಂಬುದನ್ನು ಕ್ರಮವಾಗಿ ಬರೆದುಕೊಂಡು ಬಂದರೆ ಅದೇ ಒಂದು ಒಳ್ಳೆಯ ಪ್ರಬಂಧದ ಮೊದಲ ಅಧ್ಯಾಯವಾಗುತ್ತದೆ.