ಗಿಣಿಪಾಠ ಎಂದ ಕಲೆಕ್ಟರು

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದ್ರಾಸಿಗೆ ಒಂದು ವರದಿ ಕಳಿಸಿದ. ಅದರ ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಗೂ ಪತ್ರ ಬರೆಸಿ, ಎಷ್ಟು ಶಾಲೆಗಳಿವೆ, ಯಾವ ಯಾವ ಜಾತಿಯ ಮಕ್ಕಳು ಕಲಿಯುತ್ತಾರೆ, ಏನು ಕಲಿಯುತ್ತಾರೆ ಎಂದು ಕೇಳಿದ್ದ. ಕೋಷ್ಟಕ ತುಂಬಿ ಕೈತೊಳೆದುಕೊಂಡ ಕಲೆಕ್ಟರುಗಳೂ ಇದ್ದರು. ಕ್ಯಾಂಪ್‌ಬೆಲ್ ಹಾಗಲ್ಲ. ತೆಲುಗಿಗೆ ವ್ಯಾಕರಣ ಬರೆದಿದ್ದವನು, ಇಲ್ಲಿಯ ಮಾತು ಬಲ್ಲವನು. ಮಗು ಶಾಲೆಯ ಹೊಸ್ತಿಲು ದಾಟಿದಾಗಿನಿಂದ ಹಿಡಿದು ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಾನೆ.

ನಮ್ಮ ಎಂ.ಎ. ಇತಿಹಾಸ ತರಗತಿಗೆ ಈ ವರದಿ ಓದಲೇಬೇಕಾದ ಪಾಠ. ಧರ್ಮಪಾಲರು 1983ರಲ್ಲಿ ಹೊರತಂದ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಇದು ಪೂರ್ತಿ ಅಚ್ಚಾಗಿದೆ. ನಾವು ಜೆರಾಕ್ಸ್ ಮಾಡಿಸಿಕೊಂಡು, ಒಬ್ಬೊಬ್ಬರು ಒಂದೊಂದು ಪ್ಯಾರಾ ಓದಿ, ಕನ್ನಡದಲ್ಲಿ ಹೇಳಿ, ಆಮೇಲೆ ಚರ್ಚೆಗೆ ಕೂತೆವು. ಬಳ್ಳಾರಿ ಸೀಮೆಯವರೇ ತುಂಬಿರುವ ತರಗತಿಯಲ್ಲಿ ಬಳ್ಳಾರಿಯ ಇನ್ನೂರು ವರ್ಷದ ಹಿಂದಿನ ಶಾಲೆಯ ಮಾತು ಬಂದರೆ ಯಾರು ಸುಮ್ಮನಿರುತ್ತಾರೆ? ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಮೊದಲು ಲೆಕ್ಕ. ಜಿಲ್ಲೆಯಲ್ಲಿ 533 ಶಾಲೆಗಳು. ಕನ್ನಡದವು 235, ತೆಲುಗಿನವು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ 1. ಬ್ರಾಹ್ಮಣರಿಗಷ್ಟೇ ಇದ್ದ ಸಂಸ್ಕೃತ ಪಾಠಶಾಲೆಗಳು 23. ಕನ್ನಡ ತೆಲುಗು ಹೆಚ್ಚುಕಮ್ಮಿ ಸಮಸಮ ಇರುವುದು ಕಂಡು ಯಾರಿಗೂ ಆಶ್ಚರ್ಯವಾಗಬೇಕಿಲ್ಲ. ಆಗಿನ ಬಳ್ಳಾರಿ ಜಿಲ್ಲೆ ಎಂದರೆ ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ದೊಡ್ಡ ತುಂಡು. ಅನಂತಪುರವೂ ಆದವಾನಿಯೂ ಅದರೊಳಗೇ ಇದ್ದವು. ಕಲಿಯುತ್ತಿದ್ದ ಮಕ್ಕಳು 6,641. ಅವರಲ್ಲಿ ಬ್ರಾಹ್ಮಣರ ಗಂಡುಮಕ್ಕಳು 1,185 ಆದರೆ ಶೂದ್ರರೆಂದು ದಾಖಲಾದವರ ಗಂಡುಮಕ್ಕಳು 2,998. ಓದು ಬ್ರಾಹ್ಮಣರ ಮನೆಯೊಳಗೇ ಉಳಿದಿತ್ತು ಎಂದು ಹೈಸ್ಕೂಲಿನಿಂದ ಕೇಳುತ್ತ ಬಂದಿದ್ದ ನಮಗೆ ಈ ಅಂಕಿ ದೊಡ್ಡದಾಗಿ ಕಂಡಿತು. ಗುಡೇಕೋಟೆ ಕಡೆಯ ಗೆಳೆಯನೊಬ್ಬ ಮಾತ್ರ, ‘ಆ ಕೋಷ್ಟಕದಾಗ ನಮ್ಮ ಕೇರಿ ಎಲ್ಲೈತಿ ತೋರ್ಸ್ರಿ’ ಅಂದ. ‘ಇತರ ಎಲ್ಲ ಜಾತಿಗಳು’ ಎಂಬ ಒಂದು ಕಲಮಿನಲ್ಲಿ 1,174 ಗಂಡುಮಕ್ಕಳಿದ್ದಾರೆ. ಆ ಒಂದು ಸಾಲಿನೊಳಗೆ ಯಾರು ಯಾರನ್ನು ತುಂಬಿದ್ದಾರೆ ಎನ್ನುವುದನ್ನು ಬಿಟ್ಟು ಮುಂದೆ ಹೋಗಬಾರದು ಎಂದು ಅವನ ಹಟ. ಅವನ ಹಟ ಸರಿಯಾದದ್ದೇ.

ಶಾಲೆ ಬೆಳಿಗ್ಗೆ ಆರಕ್ಕೆ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಿಂದೆ ಬಂದವರಿಗೆ ಒಂದೊಂದು ಹೆಚ್ಚು. ಸೋಮಾರಿ ಹುಡುಗನ ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕುವ ಶಿಕ್ಷೆಯನ್ನೂ ಬರೆದಿದ್ದಾನೆ. ಕೋದಂಡ ಹಾಕುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಹಳೆಯ ಶಾಲೆಯನ್ನು ಮನಸ್ಸು ತುಂಬಿ ಹೊಗಳುವ ಯಾರೂ ಈ ಸಾಲನ್ನು ಹಾರಿಸಿ ಓದಬಾರದು.

ಅಕ್ಷರ ಮೊದಲು ಮರಳಿನ ಮೇಲೆ ಬೆರಳಿನಿಂದ, ಆಮೇಲೆ ಕಡತದ ಮೇಲೆ ಬಳಪದಿಂದ. ನಮ್ಮ ತರಗತಿಯ ಶೆಟ್ಟರ ಹುಡುಗ ತನ್ನ ಮುತ್ತಜ್ಜನ ಕಾಲದ ಕಡತವೊಂದನ್ನು ಅಟ್ಟದಿಂದ ಇಳಿಸಿ ತಂದಿದ್ದ. ಗಂಜಿ ಹಾಕಿ ಒಣಗಿಸಿದ ಉದ್ದನೆಯ ಬಟ್ಟೆ. ಅದಕ್ಕೆ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕೊನೆಗೂ ಕಟ್ಟಿಗೆಯ ಹಲಗೆ ಕೂಡಿಸಿದ್ದರು. ಮಡಿಕೆಯ ಏಣುಗಳಲ್ಲಿ ಕಪ್ಪು ಉದುರಿ ಕೆಳಗಿನ ನೂಲು ಕಾಣುತ್ತಿತ್ತು. ಒಂದು ಮಗ್ಗುಲಲ್ಲಿ ಹತ್ತಿ ಅಂಡಿಗೆಯ ಲೆಕ್ಕ, ಜೋಳದ ಬಾಕಿ. ಇನ್ನೊಂದು ಮಗ್ಗುಲಲ್ಲಿ ಯಾರೋ ಒಂದು ಷಟ್ಪದಿಯನ್ನು ಅರ್ಧ ಬರೆದು ಬಿಟ್ಟಿದ್ದರು. ಒದ್ದೆ ಅರಿವೆಯಿಂದ ಒರೆಸಿದರೆ ಹೋಗಿಬಿಡುತ್ತದೆ ಎಂದು ಕ್ಯಾಂಪ್‌ಬೆಲ್ ಬರೆದದ್ದು ನೆನಪಾಗಿ, ಬೆವರಿನ ಬೆರಳು ತಾಗಿಸಲು ನನಗೆ ಧೈರ್ಯ ಬರಲಿಲ್ಲ. ಇಷ್ಟು ಅಗ್ಗದಲ್ಲಿ ಬರೆಯುವುದನ್ನು ಕಲಿಸುವ ಬಗೆ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಬಗೆ, ಇವೆರಡನ್ನೂ ಕಲೆಕ್ಟರು ಬಾಯಿ ತುಂಬ ಹೊಗಳುತ್ತಾನೆ. ಇಂಗ್ಲೆಂಡಿನಲ್ಲಿ ಇದನ್ನು ಅನುಸರಿಸಿದ್ದು ಯೋಗ್ಯವೇ ಆಯಿತು ಎನ್ನುತ್ತಾನೆ. ಮದ್ರಾಸಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ಇಲ್ಲಿಯ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು, ಆ ಪದ್ಧತಿಯನ್ನು ತನ್ನ ದೇಶಕ್ಕೆ ಒಯ್ದಿದ್ದ.

ಹೊಗಳಿದ ಕೈಯೇ ಮುಂದೆ ತೆಗಳುತ್ತದೆ. ನಮ್ಮಲ್ಲಿ ದೊಡ್ಡ ವಾದ ಎದ್ದದ್ದು ಇಲ್ಲಿ. ಶಾಲೆಯಲ್ಲಿ ಓದಿಸುತ್ತಿದ್ದ ಪುಸ್ತಕಗಳನ್ನು ಅವನು ಪಟ್ಟಿ ಮಾಡಿದ್ದಾನೆ. ರಾಮಾಯಣ, ಮಹಾಭಾರತ, ಭಾಗವತ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣ. ಲಿಂಗಾಯತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಹಗುರ ಓದಿಗೆ ಪಂಚತಂತ್ರ, ಬೇತಾಳನ ಕಥೆಗಳು. ಇವೆಲ್ಲ ಹೆಚ್ಚಾಗಿ ಪದ್ಯದಲ್ಲಿವೆ, ಆಡುಮಾತಿಗೂ ಆ ಭಾಷೆಗೂ ಬಲು ದೂರ, ಲಿಪಿ ಗೊತ್ತಿರುವುದರಿಂದ ಹುಡುಗ ಓದಿಬಿಡುತ್ತಾನೆ, ಅರ್ಥ ಮಾತ್ರ ಗಿಣಿಗೆ ಗೊತ್ತಿರುವಷ್ಟೇ ಗೊತ್ತು ಎಂದು ಅವನ ತೀರ್ಪು. ಹೆಚ್ಚಿನ ಮೇಷ್ಟ್ರುಗಳಿಗೂ ಅರ್ಥ ಗೊತ್ತಿರುವುದಿಲ್ಲ ಎಂದೂ ಸೇರಿಸುತ್ತಾನೆ.

‘ಅರ್ಥ ತಿಳೀದೆ ಬಾಯಿಪಾಠ ಮಾಡಿದ್ದು ಓದು ಹೌದೋ ಅಲ್ಲವೋ?’ ಎಂದು ಮೇಡಮ್ ಕೇಳಿದರು. ಅರ್ಧ ತರಗತಿ ಅಲ್ಲವೇ ಅಲ್ಲ ಎಂದಿತು. ಕೂಡ್ಲಿಗಿಯವಳೊಬ್ಬಳು ಎದ್ದು ನಿಂತು, ‘ಬಾಯಾಗ ಇದ್ರ ಅರ್ಥ ಎಂದಾದ್ರೂ ಆದೀತು ಮೇಡಮ್, ಬಾಯಾಗೇ ಇಲ್ಲಂದ್ರ?’ ಅಂದಳು. ನಾನು ಅವಳ ಕಡೆ. ಏಕೆಂದರೆ ಪುಸ್ತಕದ ಅರ್ಥ ಹುಟ್ಟುತ್ತಿದ್ದ ಜಾಗ ಶಾಲೆಯಲ್ಲ, ಮಠ. ಕ್ಯಾಂಪ್‌ಬೆಲ್ ಬೆಳಿಗ್ಗೆ ಆರರ ಶಾಲೆಯನ್ನು ನೋಡಿದ, ರಾತ್ರಿಯ ಮಠವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಮ್ಮೂರ ಕಡೆ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಊಟ ಮುಗಿಸಿಕೊಂಡು ಊರು ಸೇರುತ್ತದೆ. ಒಬ್ಬರು ಪದ್ಯವನ್ನು ರಾಗ ಮಾಡಿ ಹಾಡುತ್ತಾರೆ, ಶಾಸ್ತ್ರಿಗಳು ಒಂದೊಂದೇ ಮಾತು ಬಿಡಿಸಿ ಹೇಳುತ್ತಾರೆ. ಮಂಗಲದ ದಿನ ಊರಿಗೆಲ್ಲ ಪ್ರಸಾದ. ವಾರ್ಧಕ ಷಟ್ಪದಿಯ ಸಾಲು ಐದೈದು ಮಾತ್ರೆಯ ಹೆಜ್ಜೆಯಲ್ಲಿ ನಡೆಯುತ್ತದೆ. ಮೊದಲ ಎರಡು ಸಾಲು ಇಪ್ಪತ್ತಿಪ್ಪತ್ತು ಮಾತ್ರೆ, ಮೂರನೆಯದು ಒಮ್ಮೆಲೇ ಮೂವತ್ತೆರಡಕ್ಕೆ ಹಿಗ್ಗುತ್ತದೆ. ಆರೂ ಸಾಲಿನಲ್ಲಿ ಎರಡನೆಯ ಅಕ್ಷರ ಒಂದೇ. ಒಂದು ಸಾಲು ಹಿಡಿದರೆ ಮುಂದಿನ ಸಾಲು ಎಲ್ಲಿಂದ ಏಳಬೇಕೆಂದು ಕಿವಿಗೇ ಗೊತ್ತಾಗುತ್ತದೆ. ಹುಡುಗನಿದ್ದಾಗ ಬಾಯಿಪಾಠ ಮಾಡಿದ ಪದ್ಯ ಮಠದಲ್ಲಿ ಕೇಳಿಬಂದ ರಾತ್ರಿ, ಆ ಹುಡುಗ ಆಗ ಎಷ್ಟೇ ದೊಡ್ಡವನಾಗಿರಲಿ, ಗಂಟು ಬಿಚ್ಚುತ್ತಿತ್ತು.

ನಮ್ಮಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಪುರಾಣ ಮಾತ್ರ ತಪ್ಪಿಸುತ್ತಿರಲಿಲ್ಲ. ಒಂದು ವರ್ಷ ರಾಘವಾಂಕ ಬರೆದ ಹರಿಶ್ಚಂದ್ರನ ಕಥೆ ನಡೆದಿತ್ತು. ಹೆಂಡತಿ ಮಗನನ್ನು ಕಾಶಿಯ ಪೇಟೆಯಲ್ಲಿ ಮಾರುವ ಪ್ರಸಂಗ ಬಂದಾಗ ಅಜ್ಜಿ ಕೂತಲ್ಲಿಂದಲೇ ಕೇಳಿದಳು: ‘ಸತ್ಯಕ್ಕಂತ ರಾಜ್ಯ ಕೊಟ್ಟ, ಖರೆ. ಮಾರೂ ಮುಂದ ಆಕೀನ ಒಂದ್ ಮಾತು ಕೇಳಿದ್ನೇನ್ರಿ ಸ್ವಾಮಿ?’ ಶಾಸ್ತ್ರಿಗಳು ನಗಲಿಲ್ಲ. ಕಾವ್ಯದಲ್ಲಿ ಚಂದ್ರಮತಿ ಏನು ಮಾತಾಡುತ್ತಾಳೆ ಎನ್ನುವುದನ್ನೇ ಹಿಡಿದು ಆ ರಾತ್ರಿ ಬಹಳ ಹೊತ್ತು ಹೇಳಿದರು. ಡಿಗ್ರಿಯಲ್ಲಿ ರಾಘವಾಂಕ ಪಾಠಕ್ಕೆ ಬಂದಾಗ ನಾನು ಅದೇ ಪ್ರಶ್ನೆ ಎತ್ತಿದೆ. ಮಧ್ಯಾಹ್ನವಿಡೀ ಅದರ ಮೇಲೇ ಚರ್ಚೆ ನಡೆಯಿತು. ಕಲೆಕ್ಟರು ಕಂಡ ಹುಡುಗನಿಗೆ ಅಕ್ಷರವಿತ್ತು, ಅರ್ಥ ಇನ್ನೂ ಬಂದಿರಲಿಲ್ಲ. ನಮ್ಮಜ್ಜಿಗೆ ಅರ್ಥವಿತ್ತು, ಅಕ್ಷರ ಯಾರೂ ಕೊಡಲಿಲ್ಲ. ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ಪುಸ್ತಕದ ಸುತ್ತ, ಎಲ್ಲ ಕೇರಿಯ ಮಕ್ಕಳಿಗೂ ಕೂಡಿಸಿ ಕೊಡುವ ತರಗತಿ ಈ ಸೀಮೆಗೆ ತೀರ ಹೊಸದು. 1823ರ ಶಾಲೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತ ಬಿಟ್ಟರೆ ಜಾತಿಗೊಂದು ಪುಸ್ತಕ. ಬಡಿಗರ ಹುಡುಗ ಬಸವಪುರಾಣದ ಬಗ್ಗೆ ಲಿಂಗಾಯತರ ಹುಡುಗನ ಜೊತೆ ವಾದಕ್ಕೆ ಇಳಿಯುವ ಸಂದರ್ಭವೇ ಅಲ್ಲಿ ಬರುವಂತಿರಲಿಲ್ಲ. ಹಾಗಾಗಿ ಧರ್ಮಪಾಲರ ಪುಸ್ತಕ ಓದಿ ಹೆಮ್ಮೆಪಡುವ ಗೆಳೆಯರ ಜೊತೆ ನಾನು ಅರ್ಧ ದಾರಿ ಮಾತ್ರ ನಡೆಯಬಲ್ಲೆ.

ಆ ಅರ್ಧ ದಾರಿಯನ್ನು ಮಾತ್ರ ಗಟ್ಟಿಯಾಗಿ ನಡೆಯುತ್ತೇನೆ. ಹತ್ತಿರ ಹತ್ತಿರ ಹತ್ತು ಲಕ್ಷ ಜನರ ಜಿಲ್ಲೆಯಲ್ಲಿ ಏಳು ಸಾವಿರ ಮಕ್ಕಳೂ ಶಾಲೆಗೆ ಹೋಗುತ್ತಿಲ್ಲ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ ಎಂದು ಬರೆದ ಕ್ಯಾಂಪ್‌ಬೆಲ್, ಕಾರಣವನ್ನೂ ಮುಚ್ಚಿಡದೆ ಹೇಳಿದ. ನಾಡು ಬಡವಾಗಿದೆ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಗಳಿಕೆ ಕುಸಿದಿದೆ. ದುಡ್ಡು ದಿನದಿನವೂ ದೇಶದಾಚೆ ಹರಿದುಹೋಗುತ್ತಿದೆ. ಕಂಪನಿಯ ಸಂಬಳ ತಿನ್ನುವ ಅಧಿಕಾರಿ ಕಂಪನಿಯ ಸರ್ಕಾರಕ್ಕೇ ಬರೆದ ಮಾತುಗಳಿವು. ನಾನು ನೇಕಾರರ ಮನೆಯವಳು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುವ ಅಪ್ಪನನ್ನು ನೋಡಿ ಬೆಳೆದವಳು. ಸೀರೆ ಮಾರಾಟವಾಗದ ತಿಂಗಳು ಶಾಲೆಯ ಫೀಸು ತಡವಾಗುತ್ತಿತ್ತು. ಮಗ್ಗ ನಿಂತರೆ ಪುಸ್ತಕ ನಿಲ್ಲುತ್ತದೆ ಎನ್ನುವುದನ್ನು ನನಗೆ ವಿವರಿಸಬೇಕಾಗಿಲ್ಲ. ಈ ಪ್ಯಾರಾ ಗಟ್ಟಿಯಾಗಿ ಓದುವ ಸರದಿ ನನ್ನದೇ ಆಗಿತ್ತು, ಗಂಟಲು ಕಟ್ಟಿತು.

ಮನ್ರೋ 1826ರ ಮಾರ್ಚಿನಲ್ಲಿ ಎಲ್ಲ ಜಿಲ್ಲೆಗಳ ಲೆಕ್ಕ ಕೂಡಿಸಿ, 12,498 ಶಾಲೆ, 1,88,650 ಮಕ್ಕಳು ಎಂದು ಬರೆದು, ತಾಲ್ಲೂಕಿಗೊಂದು ಸರ್ಕಾರಿ ಶಾಲೆಯ ಯೋಜನೆ ಮುಂದಿಟ್ಟ. ಮರುವರ್ಷ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಹತ್ತು ವರ್ಷದೊಳಗೆ ಆ ಶಾಲೆಗಳನ್ನೂ ಮುಚ್ಚಿದರು.

ನಮ್ಮ ಚರ್ಚೆ ಕೊನೆಗೆ ಬಂದು ನಿಂತದ್ದು ಕೋಷ್ಟಕದ ಸಣ್ಣ ಅಂಕಿಯೊಂದರ ಮುಂದೆ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಬ್ರಾಹ್ಮಣರಲ್ಲಿ ಇಬ್ಬರು, ವೈಶ್ಯರಲ್ಲಿ ಒಬ್ಬಳು, ಶೂದ್ರರಲ್ಲಿ 26, ‘ಇತರ ಎಲ್ಲ ಜಾತಿಗಳಲ್ಲಿ’ 31. ಮೇಲಿನವರೆನಿಸಿಕೊಂಡವರ ಮನೆಗಳಿಂದ ಮೂವರು, ಉಳಿದ 57 ಮಂದಿ ಕೆಳಗಿನ ಎರಡು ಕಲಮುಗಳಿಂದ. ಬೇರೆ ಕೆಲವು ಜಿಲ್ಲೆಗಳ ಕಲೆಕ್ಟರುಗಳು, ಶಾಲೆಗೆ ಬರುವ ಹುಡುಗಿಯರು ದೇವಸ್ಥಾನದ ನರ್ತಕಿಯರ ಮನೆಯವರು ಎಂದು ಬರೆದಿದ್ದಾರೆ. ಇಲ್ಲಿಯೂ ಹಾಗೇ ಇರಬೇಕು ಎಂದು ಒಬ್ಬ ತೇಲಿಸಿ ಮಾತಾಡಿದಾಗ, ಗುಡೇಕೋಟೆಯ ಗೆಳೆಯ ಮತ್ತೆ ಎದ್ದ: ‘ಇದ್ದರ ಏನಾತು? ಓದಿದವರು ಅವರೇ ಅಲ್ಲೇನು?’ ಹುಡುಗಿಯರೇ ಹೆಚ್ಚಿರುವ ನಮ್ಮ ತರಗತಿಯಲ್ಲಿ ಆ ಮಾತಿಗೆ ಯಾರೂ ಎದುರಾಡಲಿಲ್ಲ. ಈ ಸೆಮಿಸ್ಟರಿನ ಪ್ರಬಂಧಕ್ಕೆ ನಾನು ಆರಿಸಿಕೊಂಡಿರುವುದು ಆ 57 ಮಂದಿಯನ್ನೇ. ಹಂಪಿ ಸುತ್ತಮುತ್ತಲ ಗುಡಿಗಳ ಇನಾಮು ದಾಖಲೆಗಳಿಂದ ಶುರುಮಾಡಿ ಎಂದು ಮೇಡಮ್ ಹೇಳಿದ್ದಾರೆ. ದೀಪಾವಳಿ ರಜೆಯಲ್ಲಿ ಗುಡೇಕೋಟೆಯವನೂ ಕೂಡ್ಲಿಗಿಯವಳೂ ನನ್ನ ಜೊತೆ ಹೊರಟಿದ್ದಾರೆ.