ಬೆಟ್ಟದ ದಾರಿ, ಭಿಕ್ಷೆಯ ಜೋಳಿಗೆ

ಕಳೆದ ಚಳಿಗಾಲದ ಒಂದು ಸಂಜೆ ನಮ್ಮ ಎಮ್ಮಿಗನೂರಿನ ನಾಲ್ಕಾರು ಹುಡುಗರು ರಸೀದಿ ಪುಸ್ತಕವೊಂದನ್ನು ಹಿಡಿದು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಊರಿನ ಬಡಮಕ್ಕಳ ಕಾಲೇಜಿನ ಫೀಜಿಗೆ ಹಣ ಕೂಡಿಸಬೇಕಾಗಿತ್ತು. ಅದಕ್ಕಾಗಿ ಅವರು ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟಕ್ಕೆ ನಡೆದೇ ಹೋಗುವರಂತೆ. ನಡೆದ ಒಂದೊಂದು ಕಿಲೋಮೀಟರಿಗೂ ಊರವರು ಇಷ್ಟಿಷ್ಟು ರೂಪಾಯಿ ಎಂದು ಬರೆಸಬೇಕಂತೆ.

"ನಿಮ್ಮ ಹೆಸರಿಗೆ ಎಷ್ಟು ಬರ್ಕೊಳ್ಳಾಣ, ತಾತ?" ಎಂದು ಅವರಲ್ಲೊಬ್ಬ ಕೇಳಿದ.

"ಕೊಡುವುದನ್ನು ಕೂತಲ್ಲೇ ಕೊಡುತ್ತೇನಪ್ಪ. ನೀವು ಬೆಟ್ಟ ಹತ್ತಿ ಬೆವರಿದರೆ ಹಣ ಹೆಚ್ಚುತ್ತದೆಯೆ?" ಎಂದೆ. ಹುಡುಗರು ನಕ್ಕು ಎದ್ದುಹೋದರು. ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು.

ಇದು ಪರದೇಶದಿಂದ ಬಂದ ಹೊಸ ಹವ್ಯಾಸವೆಂದೇ ನಾನು ಎಣಿಸಿದ್ದೆ. ಎಣಿಕೆ ಪೂರ್ತಿ ತಪ್ಪೂ ಅಲ್ಲ. 1981ರಲ್ಲಿ ಹಾಂಗ್‌ಕಾಂಗಿನ ಗುಡ್ಡಗಳಲ್ಲಿ ಗೂರ್ಖಾ ಸೈನಿಕರು ತರಬೇತಿಗೆಂದು ಆರಂಭಿಸಿದ ನಡಿಗೆಯೊಂದು ಮುಂದೆ ಆಕ್ಸ್‌ಫ್ಯಾಮ್ ಸಂಸ್ಥೆಯ ಕೈಸೇರಿ, ಧರ್ಮಕಾರ್ಯಕ್ಕೆ ಹಣ ಕೂಡಿಸುವ ದೊಡ್ಡ ನಡಿಗೆಯಾಯಿತು. ನಾಲ್ವರ ತಂಡ 48 ಗಂಟೆಯೊಳಗೆ 100 ಕಿಲೋಮೀಟರು ನಡೆಯಬೇಕು. 2012ರಲ್ಲಿ ಅದು ಬೆಂಗಳೂರಿನ ಸುತ್ತಲೂ ನಡೆಯಿತು. ಆದರೆ ನಡೆದು ಬೇಡುವುದು ನಮ್ಮ ನಾಡಿಗೆ ಹೊಸದೇನಲ್ಲ. ಜಂಗಮರ ಜೋಳಿಗೆ, ದಾಸರ ಗೋಪಾಳ ಬುಟ್ಟಿ ನಮ್ಮ ಬೀದಿಗಳನ್ನು ಎಷ್ಟೋ ಶತಮಾನ ಸುತ್ತಿವೆ. ಇನ್ನೊಂದು ಜೋಳಿಗೆಯಂತೂ ಹುಡುಗರು ಹೊರಟಿದ್ದ ಆ ಸಂಡೂರಿಗೇ ಬಂದಿತ್ತು.

ಗಾಂಧೀಜಿ 1933ರ ನವೆಂಬರ್ 7ರಂದು ವಾರ್ಧಾದಿಂದ ಹರಿಜನ ಯಾತ್ರೆಗೆ ಹೊರಟರು. ಆ ಹೆಸರನ್ನು ಇಂದು ದಲಿತರು ಒಪ್ಪುವುದಿಲ್ಲ. ಅಂದಿನ ನಿಧಿಯ ಹೆಸರಾದ್ದರಿಂದ ಇಲ್ಲಿ ಬಳಸಿದ್ದೇನೆ. ಸುಮಾರು ಒಂಬತ್ತು ತಿಂಗಳಲ್ಲಿ 12,500 ಮೈಲಿ ಸುತ್ತಿ ಅವರು ಕೂಡಿಸಿದ್ದು 8 ಲಕ್ಷ ರೂಪಾಯಿ. ಮನಸ್ಸು ಮಾಡಿದ್ದರೆ ನಾಲ್ಕೈದು ಮಂದಿ ಸಾಹುಕಾರರಿಂದಲೇ ಅಷ್ಟನ್ನು ತರಬಹುದಾಗಿತ್ತು. ಅವರು ಹಾಗೆ ಮಾಡದೆ ಊರೂರಿನಲ್ಲಿ ಕೈಚಾಚಿ ಬಿಡಿಗಾಸುಗಳನ್ನು ಬೇಡಿದರು. ಬಂದ ಕಾಣಿಕೆಗಳನ್ನು ಸಭೆಯಲ್ಲೇ ಹರಾಜು ಹಾಕಿದರು. ಹೋಗುತ್ತ ಹೋಗುತ್ತ ವಾಹನದ ವೇಗವೂ ಅವರಿಗೆ ಸಾಲದೆಂದಲ್ಲ, ಹೆಚ್ಚಾಯಿತೆಂದು ತೋರಿತು. 1934ರ ಮೇ 9ರಂದು ಪುರಿಯಿಂದ ಒರಿಸ್ಸಾದ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಹೊರಟರು.

ಆ ವರ್ಷದ ಫೆಬ್ರವರಿಯಲ್ಲಿ ಅವರು ಕೊಡಗಿನ ಬೆಟ್ಟಗಳನ್ನು ಹತ್ತಿದ್ದರು. ಸುಂಟಿಕೊಪ್ಪದ ಬಳಿಯ ಗುಂಡುಗುಟ್ಟಿಯಲ್ಲಿ ಬೀಡುಬಿಟ್ಟಿದ್ದಾಗ, ನಮ್ಮ ಕತೆಗಾರ್ತಿ ಕೊಡಗಿನ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರುವವರೆಗೂ ಊಟ ಮಾಡುವುದಿಲ್ಲವೆಂದು ಉಪವಾಸ ಕುಳಿತರು. ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ನಿಧಿಗೆ ಒಪ್ಪಿಸಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು, 1939ರಲ್ಲಿ ನೀರುಪಾಲಾದರು. ಆ ಬಂಗಾರದ ಬೆಲೆಯನ್ನು ಯಾರು ನೆನೆಯುತ್ತಾರೆ? ಊಟ ಬಿಟ್ಟು ಕುಳಿತದ್ದನ್ನು ಕನ್ನಡಿಗರು ಇಂದಿಗೂ ನೆನೆಯುತ್ತಾರೆ.

ಮಾರ್ಚ್ ಆರಂಭದಲ್ಲಿ ಯಾತ್ರೆ ನಮ್ಮ ಸೀಮೆಗೆ ಬಂದಿತು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತದಲ್ಲಿತ್ತು. ಅದರ ನಡುವೆ ಬೆಟ್ಟಗಳ ಕೋಟೆಯೊಳಗೆ ಘೋರ್ಪಡೆ ಮನೆತನದ ಪುಟ್ಟ ಸಂಡೂರು ಸಂಸ್ಥಾನ. ಅಲ್ಲಿಯ ಬೆಟ್ಟದ ಮೇಲಿನ ಕುಮಾರಸ್ವಾಮಿ ಗುಡಿಯ ಬಾಗಿಲು 1932ರಲ್ಲೇ ಅಸ್ಪೃಶ್ಯರೆನಿಸಿದವರಿಗೆ ತೆರೆದಿತ್ತು. ಪ್ರಸಿದ್ಧವಾದ ತಿರುವಾಂಕೂರಿನ ಘೋಷಣೆ ಹೊರಟದ್ದು 1936ರ ನವೆಂಬರ್ 12ರಂದು. ಅಂದರೆ ನಾಲ್ಕು ವರ್ಷ ತಡವಾಗಿ. ಚಿಕ್ಕ ಸಂಸ್ಥಾನ ಮಾಡಿದ್ದನ್ನು ದೊಡ್ಡವರೇಕೆ ಮಾಡಬಾರದೆಂಬುದು ಗಾಂಧೀಜಿಯವರ ಪ್ರಶ್ನೆಯಾಗಿತ್ತು.

ಹಣ ಕೂಡಿಸುವ ಈ ಕೆಲಸವನ್ನು ಅಂಬೇಡ್ಕರರು ಸಂಶಯದಿಂದ ನೋಡಿದರೆಂಬುದನ್ನೂ ಹೇಳಬೇಕು. ಬಾವಿ, ಶಾಲೆಗಳಲ್ಲಿ ಸಮಾನ ಹಕ್ಕಿಗಾಗಿ ಹೋರಾಡಬೇಕೆಂದು ಅವರು 1932ರಲ್ಲೇ ಹರಿಜನ ಸೇವಕ ಸಂಘಕ್ಕೆ ಬರೆದಿದ್ದರು. ಕೊಡುವವನ ಕೈ ಯಾವಾಗಲೂ ಮೇಲಿರುತ್ತದೆ. ತೆಗೆದುಕೊಳ್ಳುವವನ ಕೈ ಕೆಳಗೆ. ಎಂಟು ಲಕ್ಷ ಕೂಡಿಸಿದರೂ ಆ ಕೈಗಳ ಸ್ಥಾನ ಬದಲಾಗದು. ಇದನ್ನು ಓದಿದಾಗ ನನ್ನ ಸಂಜೆಯ ಮಾತು ನನಗೇ ಚುಚ್ಚಿತು. "ಕೂತಲ್ಲೇ ಕೊಡುತ್ತೇನೆ" ಎಂದಿದ್ದೆನಲ್ಲ! ಕೂತಲ್ಲಿಂದ ಏಳಲೊಲ್ಲದವನ ದಾನ ಅದು.

ನಡಿಗೆಯ ದಿನ ನಾನೂ ಹೋದೆ. ಸಂಡೂರಿನಿಂದ ಗುಡಿಗೆ ಸುಮಾರು 11 ಕಿಲೋಮೀಟರು. ನನ್ನ ಮೊಣಕಾಲು ಮೂರಕ್ಕೇ ಸೋತವು. ಉಳಿದ ದಾರಿಗೆ ಗಾಡಿ ಹತ್ತಿದೆ. ಗುಡಿಯ ಮುಂದೆ ಕುಳಿತು ಕಾಯುತ್ತಿರುವಾಗ ಹುಡುಗರು ಕೆಮ್ಮಣ್ಣು ಮೆತ್ತಿದ ಕಾಲುಗಳಲ್ಲಿ ಬಂದರು. ರಸೀದಿ ಪುಸ್ತಕದ ಹುಡುಗ ಕಾಲು ತೊಳೆದು, ಬೇರೇನನ್ನೂ ಯೋಚಿಸದೆ, ನೇರ ಒಳಗೆ ಹೋಗಿ ಗಂಟೆ ಬಾರಿಸಿದ. ಅವನು ನಮ್ಮೂರಿನ ಕೇರಿಯವನು. ಅವನ ಮುತ್ತಜ್ಜ ನಮ್ಮ ಕಟ್ಟೆಯ ಕೆಳಗೆ ನಿಂತೇ ಮಾತಾಡಿ ಹೋಗುತ್ತಿದ್ದನೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಮೂರು ತಲೆಮಾರಿನಲ್ಲಿ ಆ ಮನೆತನ ನೆಲದಿಂದ ಕಟ್ಟೆಗೆ ಬಂದಿದೆ. ಒಂದು ಮೊಳದ ಎತ್ತರ. ಅದಕ್ಕಿಂತ ಎಷ್ಟೋ ಎತ್ತರದ ಬೆಟ್ಟದ ಬಾಗಿಲು ತೊಂಬತ್ತು ವರ್ಷದ ಹಿಂದೆಯೇ ತೆರೆದಿತ್ತು. ಆ ಸಂಜೆ ಕಟ್ಟೆಗೆ ಬಂದವನನ್ನು ನಾನು ಒಳಗೆ ಕರೆದಿರಲಿಲ್ಲ. ಕರೆಯಬಾರದೆಂದೇನೂ ಅಲ್ಲ, ಹೊಳೆಯಲೇ ಇಲ್ಲ. ಹೊಳೆಯದೆ ಇರುವುದೇ ಹಳೆಯ ರೋಗವೆಂದು ಈಗ ತೋರುತ್ತದೆ.

ಕೂಡಿದ ಹಣ ಮೂವರು ಮಕ್ಕಳ ಫೀಜಿಗೆ ಸಾಕಾಯಿತು. ಮರುವಾರ ನಾನು ಬರೆಸಿದ್ದ ಹಣಕ್ಕಾಗಿ ಆ ಹುಡುಗ ಬಂದು ಎಂದಿನಂತೆ ಕಟ್ಟೆಯ ಮೇಲೆ ಕುಳಿತ. "ಒಳಗೆ ಬಾರಪ್ಪ, ಪಡಸಾಲೆಯಲ್ಲಿ ಕೂತು ಎಣಿಸಿಕೋ" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಅನಂತರ ಚಪ್ಪಲಿ ಬಿಟ್ಟು ಒಳಗೆ ಬಂದ. ಬೆಟ್ಟ ಹತ್ತಿದರೆ ಹಣ ಹೆಚ್ಚುತ್ತದೆಯೆ ಎಂದು ಕೇಳಿದ್ದೆ. ಹಣವೇನೂ ಹೆಚ್ಚುವುದಿಲ್ಲ.